ಎರಡು ಬೆರಳು ಸನ್‌ಸ್ಕ್ರೀನ್

ನನ್ನ ಚರ್ಮಕ್ಕೆ ಆಗದ ವಸ್ತುಗಳ ಪಟ್ಟಿ ಅಮ್ಮನಿಗೆ ಬಾಯಿಪಾಠವಾಗಿತ್ತು. ಮನೆಗೆ ಬಂದ ನೆಂಟರು ನನ್ನನ್ನು ಹತ್ತಿರ ಕರೆದು ಕೆನ್ನೆ ಹಿಂಡುವ ಮೊದಲೇ ಅವಳು ಅದನ್ನು ಒಪ್ಪಿಸಿಬಿಡುತ್ತಿದ್ದಳು: ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಚೇರೆ ಮರದ ಗಾಳಿ, ಕೆಸುವಿನ ದಂಟು, ಸುವರ್ಣಗೆಡ್ಡೆ, ಉಣ್ಣೆಯ ಸ್ವೆಟರು, ಪರಿಮಳದ ಸೋಪು, ಹೊಸ ಅಂಗಿಯ ಗಂಜಿ. ಮಾವು, ಗೇರು, ಚೇರೆ ಮೂರೂ ಒಂದೇ ಕುಟುಂಬದ ಮರಗಳು, ಚರ್ಮವನ್ನು ಕೆರಳಿಸುವ ಅವುಗಳ ಗುಣಕ್ಕೂ ಬೇರು ಒಂದೇ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸಸ್ಯಶಾಸ್ತ್ರದ ಗಾಳಿಯೂ ಸೋಕದ ಅಮ್ಮ ಆ ಮೂರನ್ನೂ ಯಾವಾಗಲೂ ಒಟ್ಟಿಗೇ, ಅದೇ ಕ್ರಮದಲ್ಲಿ, ಒಂದೇ ಉಸಿರಿಗೆ ಹೇಳುತ್ತಿದ್ದಳು.

ಆ ಪಟ್ಟಿಯಲ್ಲಿ ಬಿಸಿಲು ಇರಲಿಲ್ಲ. ಹೇಗೆ ಇದ್ದೀತು? ಪುತ್ತೂರು ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಬಿಸಿಲೆಂದರೆ ವರ್ಷದ ಅರ್ಧಭಾಗ ಕಾದು ಬರಮಾಡಿಕೊಳ್ಳುವ ಸಂಗತಿ. ಅಂಗಳದಲ್ಲಿ ಹರಡಿದ ಅಡಿಕೆಗೆ ಅದು ಬೇಕು, ಹಲಸಿನ ಹಪ್ಪಳಕ್ಕೆ ಬೇಕು, ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಾಸಿಗೆಗೆ ಬೇಕು. ಇಷ್ಟು ಜನರಿಗೆ ಬೇಕಾದದ್ದನ್ನು ಒಬ್ಬ ಹುಡುಗನ ಮೂಗಿನ ಸಲುವಾಗಿ ಬೇಡವೆನ್ನುವವರು ಯಾರು? ಹೆಚ್ಚೆಂದರೆ ತಲೆ ಸುಡದಿರಲು ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ಇತ್ತು. ಹೆಂಗಸರು ಸೆರಗು ಹೊದೆಯುತ್ತಿದ್ದರು. ಬಯಲುಸೀಮೆಯ ರೈತ ರುಮಾಲು ಸುತ್ತುತ್ತಾನೆ. ಎಲ್ಲ ಏರ್ಪಾಡೂ ತಲೆಗೆ. ಮುಖದ ಪಾಡು ಮುಖಕ್ಕೆ. ಅದರಲ್ಲೂ ಗಂಡಸಿನ ಮುಖಕ್ಕೆ ವಾರಕ್ಕೆರಡು ಸಲ ಕ್ಷೌರ, ದಿನಕ್ಕೆರಡು ಸಲ ನೀರು. ಅದಕ್ಕಿಂತ ಹೆಚ್ಚಿನ ಉಪಚಾರ ನಡೆದರೆ ಊರಿನವರು ಆಡಿಕೊಳ್ಳುತ್ತಿದ್ದರು.

ಐವತ್ತು ದಾಟಿದ ಮೇಲೆ ನನ್ನ ಕೆನ್ನೆಯಲ್ಲಿ ಒಂದು ಕೆಂಪು ಬಂದು ನಿಂತಿತು. ಬಂದದ್ದು ಹೋಗಲಿಲ್ಲ. ಅದರ ಬೆನ್ನಿಗೇ ಬಂಗು. ಮೊದಲು ನಾನು ಅದನ್ನು ಕನ್ನಡಿಯ ಕೊಳೆಯೆಂದುಕೊಂಡು ಕನ್ನಡಿ ಒರೆಸಿದೆ. ಕೊನೆಗೆ ಮಗಳ ಒತ್ತಾಯಕ್ಕೆ ಚರ್ಮದ ಡಾಕ್ಟರರ ಹತ್ತಿರ ಹೋದೆ. ಸಣ್ಣ ವಯಸ್ಸಿನ ಹೆಣ್ಣುಮಗಳು. ದೀಪ ಹಚ್ಚಿದ ಭೂತಗನ್ನಡಿಯೊಂದನ್ನು ಹಿಡಿದು ನನ್ನ ಮುಖವನ್ನು, ನಾನು ಕರಡಚ್ಚು ನೋಡುವಷ್ಟೇ ನಿಧಾನವಾಗಿ ನೋಡಿದರು.

"ಬಿಸಿಲಿಗೆ ಹೋಗ್ತೀರಾ ಸರ್?"

"ಇಲ್ಲ ಡಾಕ್ಟ್ರೇ. ಮನೆಯಲ್ಲೇ ಕೆಲಸ. ಪುಸ್ತಕಗಳ ಕರಡು ತಿದ್ದುವುದು."

"ಎಲ್ಲಿ ಕೂತ್ಕೋತೀರಾ?"

"ಕಿಟಕಿ ಪಕ್ಕ. ಬೆಳಕು ಬೇಕಲ್ಲ."

"ಕಿಟಕಿ ನಿಮ್ಮ ಬಲಕ್ಕಿದೆ, ಹೌದಾ?"

ಹೌದು. ಬಂಗು ಇದ್ದದ್ದೂ ಬಲಗೆನ್ನೆಯಲ್ಲೇ ಜಾಸ್ತಿ. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಚರ್ಮವನ್ನು ಸುಟ್ಟು ಕೆಂಪಗೆ ಮಾಡುವ ಯುವಿಬಿಯನ್ನು ಕಿಟಕಿಯ ಗಾಜು ತಡೆಯುತ್ತದೆ; ಒಳಗಿಳಿದು ಸದ್ದಿಲ್ಲದೆ ಕೆಲಸ ಮಾಡುವ ಯುವಿಎ ಗಾಜನ್ನು ದಾಟಿ ಬಂದು ನಮ್ಮ ಜೊತೆ ಕರಡು ತಿದ್ದುತ್ತದೆ ಎಂದು ಅವರು ವಿವರಿಸಿದರು. ಒಂದು ಫೋಟೊವನ್ನೂ ತೋರಿಸಿದರು. ಅಮೆರಿಕದ ಲಾರಿ ಚಾಲಕನೊಬ್ಬನದು, 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯ ಪತ್ರಿಕೆಯಲ್ಲಿ ಬಂದದ್ದು. 69 ವರ್ಷದ ಆತ 28 ವರ್ಷ ಲಾರಿ ಓಡಿಸಿದ್ದ. ಅಲ್ಲಿ ಚಾಲಕನ ಸೀಟು ಎಡಕ್ಕೆ, ಆದ್ದರಿಂದ ಕಿಟಕಿಯೂ ಎಡಕ್ಕೆ. ಅವನ ಬಲಗೆನ್ನೆಗೆ ಅವನದೇ ವಯಸ್ಸು. ಎಡಗೆನ್ನೆ ಜೋತು, ಸುಕ್ಕುಸುಕ್ಕಾಗಿ, ಅವನ ತಂದೆಯದೇ ಎನ್ನಬೇಕು. ಆ ಫೋಟೊ ನೋಡಿದ ಮೇಲೆ ನನಗೊಂದು ಹೊಸ ಚಟ ಹತ್ತಿತು. ಆಟೊ, ಬಸ್ಸು, ಟ್ಯಾಕ್ಸಿ ಯಾವುದೇ ಹತ್ತಿದರೂ ಚಾಲಕರ ಬಲಗೈ ಎಡಗೈಗಳನ್ನು ಹೋಲಿಸಿ ನೋಡುತ್ತೇನೆ. ನಮ್ಮಲ್ಲಿ ಬಲಗೈ ಒಂದು ಮಟ್ಟ ಹೆಚ್ಚು ಕಪ್ಪು. ಸಿಗ್ನಲ್ಲಿನಲ್ಲಿ ಮೊಣಕೈಯನ್ನು ಕಿಟಕಿಯ ಮೇಲೆ ಇಡುವವರದು ಎರಡು ಮಟ್ಟ.

"ದಿನಾ ಬೆಳಗ್ಗೆ ಮುಖಕ್ಕೆ ಸನ್‌ಸ್ಕ್ರೀನ್," ಎಂದರು ಡಾಕ್ಟರು. "ಪರಿಮಳ ಇಲ್ಲದ್ದು ತಗೊಳ್ಳಿ. ನಿಮ್ಮದು ಸೆನ್ಸಿಟಿವ್ ಸ್ಕಿನ್." ಅಮ್ಮ ಅಷ್ಟುದ್ದ ಪಟ್ಟಿ ಒಪ್ಪಿಸಿ ಸಾಬೀತು ಮಾಡುತ್ತಿದ್ದ ವಿಷಯ ಚೀಟಿಯ ಮೇಲೆ ಒಂದೇ ಸಾಲಿನಲ್ಲಿ ಮುಗಿದುಹೋಯಿತು.

ಕೊಳ್ಳಲು ಹೋದದ್ದು ಮಗಳ ಜೊತೆ. ಔಷಧದಂಗಡಿಯಲ್ಲಿ ತಲೆನೋವಿನ ಮಾತ್ರೆಗಿಲ್ಲದಷ್ಟು ಜಾಗ ಬಿಸಿಲಿನ ಮುಲಾಮುಗಳಿಗಿತ್ತು. ಕ್ರೀಮು, ಜೆಲ್ಲು, ಲೋಷನ್ನು, ಕಡ್ಡಿ, ಸ್ಪ್ರೇ. ಎಲ್ಲದರ ಮೇಲೂ ಎಸ್‌ಪಿಎಫ್ ಅಂತ ಒಂದು ಅಂಕಿ, ಪಕ್ಕದಲ್ಲಿ ಪಿಎ ಅಂತ ಬರೆದು ಮೂರೋ ನಾಲ್ಕೋ ಕೂಡಿಸುವ ಚಿಹ್ನೆ. ಕರಡು ತಿದ್ದುವವನಿಗೆ ಅಕ್ಷರ ಕಂಡರೆ ಓದದೆ ಇರಲಾಗದು. ನಾನು ಡಬ್ಬಿಗಳ ಬೆನ್ನನ್ನೆಲ್ಲ ಓದುತ್ತ ನಿಂತೆ, ಮಗಳು ಫೋನು ನೋಡುತ್ತ ನಿಂತಳು.

ಆ ಅಂಕಿಯ ಹಿಂದೆ ಒಂದು ಬೆಟ್ಟದ ಕಥೆಯಿದೆ. 1938ರಲ್ಲಿ ಫ್ರಾಂಜ್ ಗ್ರೈಟರ್ ಎಂಬ ಆಸ್ಟ್ರಿಯದ ರಸಾಯನಶಾಸ್ತ್ರದ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ಪಿಜ್ ಬುಯಿನ್ ಶಿಖರ ಹತ್ತಿ ಮುಖ ಸುಟ್ಟುಕೊಂಡು ಇಳಿದನಂತೆ. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಹಿಮನದಿಯ ಹೆಸರಿನ ಒಂದು ಕ್ರೀಮು ತಯಾರಿಸಿ ಮಾರಿದ. ಎಸ್‌ಪಿಎಫ್ ಲೆಕ್ಕವನ್ನು ಜಗತ್ತಿನ ಬಳಕೆಗೆ ತಂದವರಲ್ಲಿ ಅವನ ಹೆಸರೇ ಮುಂದೆ. ಬೆಟ್ಟ ಹತ್ತಿದವರು ಸಾಮಾನ್ಯವಾಗಿ ಬಾವುಟ ನೆಡುತ್ತಾರೆ. ಇವನು ಸುಟ್ಟ ಮೂಗು ಹೊತ್ತು ತಂದು ಅದರಿಂದ ಒಂದು ಉದ್ಯಮ ಎಬ್ಬಿಸಿದ.

ಅಂಕಿಯ ಮರ್ಮವೂ ಸ್ವಾರಸ್ಯದ್ದೇ. ಎಸ್‌ಪಿಎಫ್ 15 ಇದ್ದರೆ ಯುವಿಬಿಯ ಸುಮಾರು ನೂರಕ್ಕೆ 93 ಪಾಲನ್ನು ತಡೆಯುತ್ತದೆ, 30 ಇದ್ದರೆ 97, 50 ಇದ್ದರೆ 98. ಮೂವತ್ತರಿಂದ ಐವತ್ತಕ್ಕೆ ಜಿಗಿದರೆ ಸಿಗುವುದು ಒಂದೇ ಒಂದು ಪಾಲು. ಬೆಲೆ ಮಾತ್ರ ಜಿಗಿತಕ್ಕೆ ತಕ್ಕಂತೆ ಏರಿರುತ್ತದೆ. ಹೀಗೆಂದು ನಾನು ಅಂಗಡಿಯಲ್ಲೇ ವಾದ ಹೂಡಿದೆ. "ಅಪ್ಪಾ, ತಡೆದದ್ದನ್ನಲ್ಲ, ಒಳಗೆ ಬಿಟ್ಟದ್ದನ್ನ ಲೆಕ್ಕ ಹಾಕು. ಮೂರಕ್ಕೆ ಬದಲು ಎರಡು," ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ. ಐವತ್ತನ್ನೇ ತಂದೆವು. ಪಿಎ ಎನ್ನುವುದು ಜಪಾನಿನವರ ಲೆಕ್ಕ, ಕಿಟಕಿ ದಾಟಿ ಬರುವ ಯುವಿಎಯದು. ಕೂಡಿಸುವ ಚಿಹ್ನೆ ಹೆಚ್ಚಿದಷ್ಟೂ ಒಳ್ಳೆಯದು.

ಮೊದಲು ತಂದದ್ದು ಒಂದು ಜೆಲ್ಲು. ನೀರಿನಷ್ಟು ತೆಳು, ಹಚ್ಚಿದರೆ ಕಾಣದು, ಒಂದು ನಿಮಿಷಕ್ಕೆ ಮಾಯ. ಅದರೊಳಗೆ ಅವೊಬೆಂಜೋನ್, ಆಕ್ಟೋಕ್ರಿಲೀನ್ ಮೊದಲಾದ ಹೆಸರುಗಳಿದ್ದವು. ಪೌರಾಣಿಕ ನಾಟಕದಲ್ಲಿ ರಾಕ್ಷಸರಿಗೆ ಇಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ. "ಮೊದಲು ಕಿವಿ ಹಿಂದೆ ಹಚ್ಚಿ ನೋಡು, ಒಂದೆರಡು ದಿನ ಬಿಟ್ಟು ಮುಖಕ್ಕೆ," ಎಂದು ಮಗಳ ಅಪ್ಪಣೆಯಾಗಿತ್ತು. ಕಿವಿಯ ಹಿಂಭಾಗ ಏನೂ ತಕರಾರು ಮಾಡಲಿಲ್ಲ. ಮುಖವೂ ಮಾಡಲಿಲ್ಲ. ತಕರಾರು ಎದ್ದದ್ದು ಕಣ್ಣಿನಲ್ಲಿ. ವಾಕಿಂಗ್ ಹೊರಟು ಅರ್ಧ ದಾರಿ ಹೋಗುವಷ್ಟರಲ್ಲಿ ಬೆವರಿನ ಜೊತೆ ಅದು ಹುಬ್ಬು ದಾಟಿ ಕೆಳಗಿಳಿಯಿತು. ಉರಿಯೆಂದರೆ ಉರಿ. ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂತು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಹಿಂದಿನ ಬೀದಿಯವರೊಬ್ಬರು ನಡಿಗೆ ನಿಲ್ಲಿಸಿ ಪಕ್ಕ ಬಂದು ಕೂತರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೆತ್ತಗೆ, "ಯಾವಾಗ ಆಗಿದ್ದು ಸರ್?" ಎಂದರು. ಸನ್‌ಸ್ಕ್ರೀನ್ ಎಂದು ಹೇಳಲು ಬಾಯಿ ಬರಲಿಲ್ಲ. "ಈಗ ಸ್ವಲ್ಪ ಹೊತ್ತಿಗೆ ಮುಂಚೆ," ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು ಎದ್ದುಹೋದರು. ಇವತ್ತಿಗೂ ಎದುರು ಸಿಕ್ಕರೆ ಧ್ವನಿ ತಗ್ಗಿಸಿಯೇ ಮಾತಾಡಿಸುತ್ತಾರೆ.

ಎರಡನೆಯದು ಖನಿಜದ ಸನ್‌ಸ್ಕ್ರೀನು. ಕೆರಳುವ ಚರ್ಮಕ್ಕೆ ಇದೇ ಸೈ ಎಂದು ಡಾಕ್ಟರೂ ಹೇಳಿದ್ದರು. ಒಳಗಿರುವುದು ಜಿಂಕ್ ಆಕ್ಸೈಡ್, ನಮ್ಮ ಶಾಲೆಯ ಪುಸ್ತಕದ ಸತುವಿನ ಆಕ್ಸೈಡು. ಚರ್ಮದ ಮೇಲೆ ಕೂರುತ್ತದೆ, ಒಳಗಿನ ವ್ಯವಹಾರಕ್ಕೆ ಕೈಹಾಕುವುದಿಲ್ಲ, ಉರಿಸುವುದಿಲ್ಲ. ಅದರ ಒಂದೇ ದೋಷ ಬಿಳುಪು. ಹಚ್ಚಿ, ಉಜ್ಜಿ, ಮತ್ತೆ ಉಜ್ಜಿ ಬಚ್ಚಲಿನಿಂದ ಹೊರಬಂದವನನ್ನು ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ಎಂಥ ಮಾರಾಯ್ರೆ, ಇವತ್ತು ಯಾವ ಪ್ರಸಂಗ?"

ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಯಕ್ಷಗಾನದ ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿ ಕಿರೀಟಕ್ಕೆ ಕಾಯುತ್ತ ಕೂತ ವೇಷದ ಹಾಗೆ ಇದ್ದೆ. ಚಿಕ್ಕವನಿದ್ದಾಗ ಮೇಳ ಬಂದ ರಾತ್ರಿಗಳಲ್ಲಿ ರಂಗಸ್ಥಳಕ್ಕಿಂತ ಚೌಕಿಯೇ ನನಗೆ ಇಷ್ಟ. ದೀಪದ ಮುಂದೆ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು, ಅಂಗೈಯಗಲದ ಕನ್ನಡಿಗಳು, ತೆಂಗಿನೆಣ್ಣೆಯ ವಾಸನೆ, ಅರದಾಳದ ಹಳದಿ, ಇಂಗಳೀಕದ ಕೆಂಪು, ಮಸಿಯ ಕಪ್ಪು. ಎಲ್ಲಕ್ಕೂ ಮೊದಲು ಸಫೇದು. ಆ ಸಫೇದು ಏನೆಂದುಕೊಂಡಿರಿ? ಇದೇ ಜಿಂಕ್ ಆಕ್ಸೈಡು! ನಮ್ಮ ಅರ್ಜುನರೂ ಸುಧನ್ವರೂ ರಾತ್ರಿಯಿಡೀ, ಸೂರ್ಯ ಹುಟ್ಟುವ ತನಕ, ಬಿಸಿಲಿನಿಂದ ಮುಖ ಕಾಪಾಡಿಕೊಂಡು ಕುಣಿಯುತ್ತಿದ್ದರು. ಬೆಳಗಾಗಿ ನಿಜವಾಗಿ ಬಿಸಿಲು ಬರುವ ಹೊತ್ತಿಗೆ ಎಣ್ಣೆ ಹಚ್ಚಿ ಒರೆಸಿ ತೆಗೆದುಬಿಡುತ್ತಿದ್ದರು. ಈ ವಿಷಯ ಹೊಳೆದಾಗ ನನಗಾದ ಸಂತೋಷವನ್ನು ಹೆಂಡತಿಯ ಮುಂದೆ ಹಂಚಿಕೊಂಡೆ. "ಹಾಗಾದರೆ ನೀವೂ ರಾತ್ರಿಯೇ ಹಚ್ಚಿಕೊಳ್ಳಿ, ಹಗಲಿಗೆ ನೆಂಟರು ಬರುತ್ತಾರೆ," ಎಂದಳು.

ಹಗಲಿನಲ್ಲಿ ಅದನ್ನು ಎದೆಗುಂದದೆ ಹಚ್ಚಿದವರೆಂದರೆ ಕ್ರಿಕೆಟಿಗರೇ. ದಕ್ಷಿಣ ಆಫ್ರಿಕದ ಅಲನ್ ಡೊನಾಲ್ಡ್ ಮೂಗು, ಕೆನ್ನೆಗೆ ಬೆಳ್ಳಗೆ ಬಳಿದುಕೊಂಡು ಓಡಿ ಬರುತ್ತಿದ್ದದ್ದನ್ನು ನಮ್ಮ ಪೀಳಿಗೆಯವರು ಟಿವಿಯಲ್ಲಿ ನೋಡಿದ್ದೇವೆ. ಚೆಂಡು ಕಾಣುವ ಮೊದಲೇ ಆ ಮುಖಕ್ಕೆ ಬ್ಯಾಟು ಹಿಡಿದವನು ಅರ್ಧ ಔಟಾಗಿರಬೇಕು. ಗಮ್ಮತ್ತೆಂದರೆ, ಕಣ್ಣಿಗೆ ಕಾಣುವ ಆ ಬಿಳುಪಿಗೂ ರಕ್ಷಣೆಗೂ ಅಂಥ ನಂಟಿಲ್ಲ. ಜಿಂಕ್ ಆಕ್ಸೈಡು ನೇರಳಾತೀತ ಕಿರಣಗಳಲ್ಲಿ ಬಹುಪಾಲನ್ನು ಹೀರಿಕೊಂಡು ತಡೆಯುತ್ತದೆ, ಹಿಂದಕ್ಕೆ ಹೊಡೆಯುವುದು ಸ್ವಲ್ಪವನ್ನೇ. ಬಿಳುಪು ಎಂಬುದು ಕಾಣುವ ಬೆಳಕನ್ನು ಅದು ಚದುರಿಸುವ ಬಗೆ, ಕೆಲಸಕ್ಕೆ ಬಾರದ ಆಡಂಬರ. ಕಣ್ಣಿಗೆ ಹೊಡೆಯುವುದು ಒಂದು, ಕೆಲಸ ಮಾಡುವುದು ಇನ್ನೊಂದು. ಕಚೇರಿಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಬಿಳುಪಿಗೆ ಪರಿಹಾರ ಸಿಕ್ಕಿದ್ದು ಬಣ್ಣ ಬೆರೆಸಿದ ಸನ್‌ಸ್ಕ್ರೀನಿನಲ್ಲಿ. ಜಿಂಕ್ ಆಕ್ಸೈಡಿಗೆ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ಹತ್ತಿರದ ನೆಂಟನನ್ನು ಕೂಡಿಸಿ ನಮ್ಮ ಮೈಬಣ್ಣಕ್ಕೆ ತಂದಿರುತ್ತಾರೆ. ಕಂದು ಚರ್ಮದವರ ಬಂಗಿಗೆ ಕಾಣುವ ಬೆಳಕೂ ಕುಮ್ಮಕ್ಕು ಕೊಡುತ್ತದೆ, ಅದನ್ನು ತಡೆಯಲು ಕಬ್ಬಿಣದ ಆಕ್ಸೈಡೇ ಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ಗುಲಾಬಿ ಬಣ್ಣದ ಕ್ಯಾಲಮೈನ್ ನೆನಪಾಯಿತು. ಸೊನೆ ತಾಗಿ ಮೈ ಬೀಗಿದಾಗಲೆಲ್ಲ ಅಮ್ಮ ಹತ್ತಿಯಲ್ಲಿ ಅದ್ದಿ ಹಚ್ಚುತ್ತಿದ್ದದ್ದು ಅದನ್ನೇ. ಜಿಂಕ್ ಆಕ್ಸೈಡಿಗೆ ಒಂದು ಚಿಟಿಕೆ ಕಬ್ಬಿಣದ ಆಕ್ಸೈಡು ಬೆರೆತರೆ ಬರುವುದೇ ಆ ಗುಲಾಬಿ. ಐವತ್ತು ವರ್ಷ ಸುತ್ತಿ ಬಂದು ಅದೇ ಶೀಸೆಯ ಎದುರು ನಿಂತಿದ್ದೆ, ಬೆಲೆ ಮಾತ್ರ ಹತ್ತಾರು ಪಟ್ಟು.

ಇದು ನನಗೆ ಒಗ್ಗಿತು. ಈಗ ಬೆಳಗಿನ ಕಾಫಿಗೂ ಕರಡಚ್ಚಿಗೂ ನಡುವೆ ಅದಕ್ಕೊಂದು ಸ್ಥಾನವಿದೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆಯಬೇಕು. ಮುಖ, ಕುತ್ತಿಗೆಗೆ ಅಷ್ಟು. ಪ್ರಯೋಗಶಾಲೆಯಲ್ಲಿ ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಜನ ಮನೆಯಲ್ಲಿ ಹಚ್ಚುವುದು ಅದರ ಅರ್ಧ, ಕಾಲು. ಡಬ್ಬಿಯ ಮೇಲಿನ ಐವತ್ತು ಮುಖಕ್ಕೆ ಬರುವಷ್ಟರಲ್ಲಿ ಸೊರಗಿರುತ್ತದೆ. ನಾನು ಲೆಕ್ಕದಲ್ಲಿ ಮೋಸ ಮಾಡುವುದಿಲ್ಲ. ದಿನಕ್ಕೊಂದೇ ಸಲ ಹಚ್ಚಿದರೂ 50 ಗ್ರಾಮಿನ ಟ್ಯೂಬು ಎರಡು ತಿಂಗಳು ಬಾರದು. ಎರಡು ಗಂಟೆಗೊಮ್ಮೆ ಹಚ್ಚಬೇಕೆಂಬ ಶಾಸ್ತ್ರವನ್ನು ಹೊರಗೆ ಹೋದ ದಿನ ಮಾತ್ರ ಪಾಲಿಸುತ್ತೇನೆ. ಪೂರ್ತಿ ಪಾಲಿಸಲು ಪಿಂಚಣಿ ಬೇಕು.

ಹಚ್ಚುವುದರಲ್ಲೊಂದು ಸುಖವಿದೆ, ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಕ್ಷೌರದಲ್ಲಿ ಕೈಗೆ ಸಿಗುವುದು ಗಲ್ಲ, ದವಡೆ ಅಷ್ಟೆ. ಹಣೆಯ ಅಂಚು, ಮೂಗಿನ ಬುಡ, ಕಣ್ಣಿನ ಕೆಳಗಿನ ಮೆತ್ತನೆಯ ತಗ್ಗು, ಕಿವಿಯ ಸುರುಳಿ ಇವನ್ನೆಲ್ಲ ನಾನು ಬಿಡುವಾಗಿ ಮುಟ್ಟಿಯೇ ಇರಲಿಲ್ಲ. ಅವಸರ ಮಾಡಿದರೆ ಗೆರೆಗೆರೆಯಾಗುತ್ತದೆ. ತಟ್ಟಬೇಕು, ಸವರಬೇಕು, ಕಾಯಬೇಕು. ಮೀಸೆಯಲ್ಲಿ ಉಳಿದದ್ದು ಉಳಿಯಲಿ. ನನ್ನ ವಯಸ್ಸಿನ ಮೀಸೆಯಲ್ಲಿ ಬಿಳುಪು ಎಲ್ಲಿಂದ ಬಂತೆಂದು ಯಾರೂ ವಿಚಾರಿಸುವುದಿಲ್ಲ.

ಆಮೇಲೆ ಬಿಸಿಲಿನ ಮೇಲೂ ಗಮನ ಹೋಯಿತು. ಬೆಂಗಳೂರಿನ ಬಿಸಿಲು ವಂಚಕ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತಣ್ಣಗೆ ಬೀಸುತ್ತದೆ, ಜನ ಆಹಾ ಎನ್ನುತ್ತಾರೆ. ನೇರಳಾತೀತಕ್ಕೆ ಸೆಕೆಯ ಹಂಗಿಲ್ಲ. ಎತ್ತರಕ್ಕೆ ಹೋದಷ್ಟೂ ಅದು ಜಾಸ್ತಿ. ಅದನ್ನು ಅಳೆಯಲು ನೆರಳೇ ಸಾಕು ಎಂದು ಎಲ್ಲೋ ಓದಿದೆ: ನೆರಳು ನಮಗಿಂತ ಉದ್ದವಿದ್ದರೆ ಸೂರ್ಯ ಸೌಮ್ಯ, ಗಿಡ್ಡವಾದರೆ ಉಗ್ರ. ಅಂದಿನಿಂದ ನಡಿಗೆಯಲ್ಲಿ ನೆರಳನ್ನು ವಿಚಾರಿಸಿಕೊಳ್ಳುತ್ತೇನೆ. ನನ್ನ ಹೆಂಡತಿಯ ನೆರಳು ನನ್ನದಕ್ಕಿಂತ ಗಿಡ್ಡ. ಅದಕ್ಕೆ ಸೂರ್ಯನನ್ನು ದೂರುವಂತಿಲ್ಲ.

"ಇಷ್ಟೆಲ್ಲ ಹಚ್ಚಿ ಏನು ವ್ಯತ್ಯಾಸ ಆಯ್ತು?" ಎಂದು ಅವಳು ಒಮ್ಮೆ ಕೇಳಿದಳು. ನಾನು ಕನ್ನಡಿ ನೋಡಿ ಬಂದು ಪ್ರಾಮಾಣಿಕವಾಗಿ ಹೇಳಿದೆ: ಏನೂ ಆಗಿಲ್ಲ. ಕೆಂಪು ಹೆಚ್ಚಿಲ್ಲ, ಬಂಗು ಹರಡಿಲ್ಲ, ಗುಳ್ಳೆ ಎದ್ದಿಲ್ಲ, ತುರಿಕೆಯಿಲ್ಲ. ಹುಟ್ಟಿದಂದಿನಿಂದ ಪ್ರತಿಯೊಂದಕ್ಕೂ ಏನಾದರೊಂದು ಆಗುತ್ತಲೇ ಇದ್ದ ಚರ್ಮಕ್ಕೆ ಏನೂ ಆಗದಿರುವುದು ಎಂಥ ಐಶ್ವರ್ಯ ಎಂಬುದು, ಸೋಪು ಬದಲಾಯಿಸಿದರೆ ಸೋಪು ಬದಲಾಯಿತು ಅಷ್ಟೇ ಎನ್ನುವವರಿಗೆ ತಿಳಿಯುವುದು ಕಷ್ಟ. ವಿಜ್ಞಾನಿಗಳೂ ಈ ಏನೂ ಇಲ್ಲದ್ದನ್ನು ಬಹಳ ಕಷ್ಟಪಟ್ಟು ಹುಡುಕಿದ್ದಾರೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಎಂಬ ಪಟ್ಟಣದಲ್ಲಿ 1992ರಲ್ಲಿ ಒಂದು ಪ್ರಯೋಗ ಶುರುವಾಯಿತು. ಜನರನ್ನು ಚೀಟಿಯೆತ್ತಿದಂತೆ ಗುಂಪು ಮಾಡಿ, ಕೆಲವರಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಿ ಎಂದರು, ಉಳಿದವರಿಗೆ ನಿಮ್ಮಿಷ್ಟ ಎಂದರು. ಕೈಯ ಹಿಂಬದಿಯ ಚರ್ಮದ ಅಚ್ಚು ತೆಗೆದು ಗೆರೆಗಳನ್ನು ನೋಡಿದರು. ನಾಲ್ಕೂವರೆ ವರ್ಷದ ಮೇಲೆ, ದಿನವೂ ಹಚ್ಚಿದವರ ಚರ್ಮದಲ್ಲಿ ಮುಪ್ಪು ಹೆಚ್ಚಿದ ಗುರುತೇ ಸಿಗಲಿಲ್ಲ ಎಂದು 2013ರಲ್ಲಿ ಪ್ರಕಟಿಸಿದರು. ಅಷ್ಟು ವರ್ಷದ ದುಡಿಮೆಯ ಫಲ: ಏನೂ ಆಗಿಲ್ಲ! ಇದನ್ನೂ ಹೆಂಡತಿಗೆ ಓದಿ ಹೇಳಿದೆ. "ಅವರು ಐವತ್ತೈದರ ಒಳಗಿನವರಂತೆ, ಅಲ್ಲಿಯೇ ಬರೆದಿದೆ ನೋಡಿ," ಎಂದು ಅವಳು ನನ್ನ ಭುಜದ ಮೇಲಿನಿಂದ ಓದಿದಳು.

ಕಳೆದ ಏಪ್ರಿಲಿನಲ್ಲಿ ಊರಿಗೆ ಹೋಗಿದ್ದೆ. ತಿಂಗಳ 24ರ ಆಸುಪಾಸಿನಲ್ಲಿ ನಮ್ಮ ಕಡೆ ಸೂರ್ಯ ನಡುನೆತ್ತಿಗೇ ಬಂದು ನಿಲ್ಲುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರೂ ಕರಾವಳಿಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ಎರಡು ಕಡೆಯೂ ಅದೇ ದಿನಗಳು. ಮಂಗಳೂರಿಗೆ ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡ, ಅಷ್ಟೆ. ಅಂಥ ಮಧ್ಯಾಹ್ನ ಚಿಕ್ಕಪ್ಪ ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಎರಡು ಬೆರಳಿಗೆ ಗೆರೆ ಎಳೆದೆ.

"ಅದೆಂಥದು ಮೋರೆಗೆ?"

ಹೇಳಿದೆ. ಟ್ಯೂಬು ಇಸಿದುಕೊಂಡು ಮೂಸಿದರು, ವಾಸನೆಯಿಲ್ಲ ಎಂದು ಅನುಮಾನಪಟ್ಟರು. ಬೆಲೆ ಕೇಳಿದರು.

"ಒಂದು ಕಿಲೋ ಚಾಲಿ ಅಡಿಕೆಗೆ ಇಷ್ಟೇ ಇಷ್ಟಾ?" ಎಂದು ಅಂಗಳದ ಕಡೆ ನೋಡಿದರು. ತಮ್ಮ ಅಡಿಕೆಯೆಲ್ಲ ಟ್ಯೂಬುಗಳಾಗಿ ಬದಲಾದರೆ ಎಷ್ಟಾದೀತೆಂದು ಲೆಕ್ಕ ಹಾಕಿರಬೇಕು. ಆಮೇಲೆ ತಮ್ಮ ತಲೆಯ ಮುಟ್ಟಾಳೆ ತೆಗೆದು ನನ್ನ ತಲೆಗೆ ಇಟ್ಟರು. "ಇದನ್ನು ಹಾಕು. ತೋಟಕ್ಕೆ ಹೋಗಿ ಬರುವ."

ಡಾಕ್ಟರರೂ ಇದನ್ನೇ ಹೇಳಿದ್ದರು: ಮೊದಲು ನೆರಳು, ಆಮೇಲೆ ಟೊಪ್ಪಿ, ಕೊನೆಗೆ ಕ್ರೀಮು. ಬೆಂಗಳೂರಿನ ರಸ್ತೆಯಲ್ಲಿ ಮುಟ್ಟಾಳೆ ಇಟ್ಟು ನಡೆಯುವ ಧೈರ್ಯ ನನಗಿದ್ದರೆ ಟ್ಯೂಬಿನ ಖರ್ಚು ಅರ್ಧವಾದರೂ ಉಳಿಯುತ್ತಿತ್ತು. ತೋಟ ಸುತ್ತಿ, ಹೊಸದಾಗಿ ತೆಗೆಸಿದ ಕೆರೆ ನೋಡಿ, ಎರಡು ಎಳನೀರು ಕುಡಿದು ಬಂದೆವು. ಕರಾವಳಿಯ ಸೆಕೆಗೆ ಬೆವರು ಧಾರೆಯಾಗಿ ಇಳಿದಿತ್ತು. ನೀರಿಗೆ ಜಗ್ಗುವುದಿಲ್ಲ ಎಂದು ಟ್ಯೂಬಿನ ಮೇಲೆ ಬರೆದಿದ್ದು ಸತ್ಯವೇ. ಆದರೆ ಮುಟ್ಟಾಳೆಯ ಅಂಚಿಗೆ ಅದು ಜಗ್ಗಿತ್ತು: ಹಾಳೆಯ ಒಳಬದಿಯಲ್ಲಿ ನನ್ನ ಹಣೆಯ ಅಳತೆಗೆ ಸರಿಯಾಗಿ ಮೈಬಣ್ಣದ ಒಂದು ಪಟ್ಟಿ. ತೊಳೆದೆ, ಉಜ್ಜಿದೆ, ಹೋಗಲಿಲ್ಲ.

ಚಿಕ್ಕಪ್ಪ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. "ನೀನೇ ಇಟ್ಕೋ ಮಾರಾಯ. ನಿನ್ನದೆಂಥದೋ ನನ್ನ ಮಂಡೆಗೆ ಆಗದೆ ಗುಳ್ಳೆ ಎದ್ದರೆ ಈ ವಯಸ್ಸಿನಲ್ಲಿ ಯಾರು ನೋಡುವುದು?"